ಹಂಚಿನ ಪರೀಕ್ಷೆ

ಗಂಗಾಂಬಿಕಾ ಕೈಚೀಲದಿಂದ ಕಬ್ಬಿಣದ ರೊಟ್ಟಿ ಹಂಚನ್ನು ತೆಗೆದು ಅಂಗಡಿಯ ಮೇಜಿನ ಮೇಲಿಟ್ಟಾಗ, ಮೇಜಿನಾಚೆ ನಿಂತಿದ್ದ ಮೈಲಾರೇಶನ ಮುಖ ಹೋಳಿಗೆ ಕಂಡಂತೆ ಅರಳಿತು.

"ನೋಡಪಾ ಗುರುಮೂರ್ತಣ್ಣ, ಅಕ್ಕಾರು ಅಂದ್ರ ಹಿಂಗಿರಬೇಕು. ಒಲಿ ಆರಿಸಾಕ ಬರೋರು ಹಂಚು ತಗೊಂಡೇ ಬಂದಾರ."

ಹರಪನಹಳ್ಳಿ ಬಸ್ ನಿಲ್ದಾಣದ ಹಿಂದೆ ಮೈಲಾರೇಶನದು ಗ್ಯಾಸ್ ಒಲೆಗಳ ಅಂಗಡಿ. ಯುಗಾದಿಗೆ ಮುಂಚೆ ತೆಲಿಗಿಯಿಂದ ಶ್ರೀಶೈಲಕ್ಕೆ ನಡೆದುಹೋಗುವ ತಂಡದಲ್ಲಿ ಅವನೂ ಒಬ್ಬ, ಗಂಗಾಂಬಿಕಾಳ ಗಂಡ ಗುರುಮೂರ್ತಿಯೂ ಒಬ್ಬ. ಎಲ್ಲ ಗಂಡಸರೇ. ಅವರ ಗಂಟಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ಊರ ಅಗಸಿ ಬಾಗಿಲ ತನಕ ಹೋಗಿ ಕೈಮುಗಿದು ಮನೆಗೆ ಮರಳುವುದೇ ಇಷ್ಟು ವರ್ಷ ಗಂಗಾಂಬಿಕಾಳ ಪಾಲಿನ ಶ್ರೀಶೈಲವಾಗಿತ್ತು. ಈ ಸಲ ಮಾತ್ರ "ನಾನೂ ನಡೀತೀನಿ" ಎಂದು ಹಟ ಹಿಡಿದಳು. ಗುರುಮೂರ್ತಿ ತಲೆ ಕೆರೆದುಕೊಂಡ. ತಂಡದವರು ಮರುಮಾತಿಲ್ಲದೆ ಒಪ್ಪಿಬಿಟ್ಟರು.

ಅಷ್ಟು ಸಲೀಸಾಗಿ ಯಾಕೆ ಒಪ್ಪಿದರೆಂದು ಆಕೆಗೆ ತಿಳಿದದ್ದು ಆಮೇಲೆ. ಬೆಳಗಿನ ಜಾವ, ಹಾದಿಯ ಹೋಟೆಲುಗಳು ಬಾಗಿಲು ತೆರೆಯುವ ಮುಂಚೆ ಒಂದು ಗುಟುಕು ಚಾಕ್ಕೆ ಹಗುರವಾದ ಒಲೆ ಬೇಕೆಂದು ಶುರುವಾದ ಮಾತು, ಊರ ಕಟ್ಟೆಯ ಮೇಲೆ ಉರುಳುತ್ತ ಉರುಳುತ್ತ ಬಿಸಿರೊಟ್ಟಿಗೆ ಬಂದು ನಿಂತಿತ್ತು. ಹೇಗೂ ಅಕ್ಕ ಬರುತ್ತಾಳಲ್ಲ! ಮನೆಯ ಒಲೆ ಬಿಟ್ಟು ಶ್ರೀಶೈಲದ ಮಲ್ಲಯ್ಯನ ಕಡೆ ಹೊರಟರೆ ಒಲೆಯೇ ಬೆನ್ನುಹತ್ತಿ ಬರುತ್ತದಲ್ಲಪ್ಪ ಎಂದು ಗಂಗಾಂಬಿಕಾಳ ಜೀವ ಚುರ್ ಎಂದಿತು. ಆದರೂ "ಒಲಿ ನಾನ ಆರಿಸ್ತೀನಿ" ಎಂದಷ್ಟೇ ಹೇಳಿದ್ದಳು. ನಾಡಿದ್ದು ಹೊರಡುವುದು.

ಮೈಲಾರೇಶ ಮೊದಲು ತೋರಿಸಿದ್ದು ಚಿಕ್ಕ ಸಿಲಿಂಡರಿನ ನೆತ್ತಿಯ ಮೇಲೆ ಕೂರುವ ಒಲೆ. ಹಂಚು ಅದರ ಮೇಲೆ ಬಂಡೆಯಂತೆ ಕೂತಿತು.

"ಭಾರ ಆತಲ್ಲೋ," ಎಂದ ಗುರುಮೂರ್ತಿ.

"ಸಿಲಿಂಡರ್ ನಾ ಹೊರ್ತೀನಿ, ಹಿಟ್ಟು ನೀ ಹೊರು. ಅಕ್ಕಾರು ಬರೇ ರೊಟ್ಟಿ ಬಡಿಯೋದು."

ಎಂಥ ದೊಡ್ಡ ಮನಸ್ಸು ನೋಡಿ! ಗಂಗಾಂಬಿಕಾ ಎರಡನೆಯದರ ಕಡೆ ಕೈ ತೋರಿಸಿದಳು. ಅದು ಪೆಟ್ಟಿಗೆಯಲ್ಲಿ ಹಾಕಿಕೊಂಡು ಒಯ್ಯುವ ಚಪ್ಪಟೆ ಒಲೆ. ಅದರ ಮೇಲೂ ಹಂಚು ನಿಂತಿತು.

"ಅದೇನದು, ಮೂಲ್ಯಾಗಿಂದು?" ಎಂದಳು ಗಂಗಾಂಬಿಕಾ.

"ಅದಾ? ಬೆಟ್ಟ ಹತ್ತೋ ಮಂದಿ ಒಯ್ಯೋದು. ನಮಗಲ್ಲ ಬಿಡ್ರಿ," ಎನ್ನುತ್ತಲೇ ಮೈಲಾರೇಶ ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಒಲೆಯನ್ನು ತೆಗೆದ. ಮಡಚಿದ್ದ ಕಾಲುಗಳನ್ನು ಬಿಡಿಸಿ, ಗಿಡ್ಡನೆಯ ಗ್ಯಾಸ್ ಡಬ್ಬಿಯ ಮೇಲೆ ತಿರುಗಿಸಿ ಕೂರಿಸಿದ. ನೋಡಲು ಮಕ್ಕಳ ಆಟಿಕೆಯಂತಿತ್ತು.

"ಹಂಚು ಇಡು ತಮ್ಮಾ."

ಇಟ್ಟ. ಹಂಚು ಒಂದು ಕಡೆ ವಾಲಿತು, ಜಾರಿತು, ಠಣ್ಣೆಂದು ನೆಲಕ್ಕೆ ಬಿತ್ತು. ಪಕ್ಕದ ಅಂಗಡಿಯವನು ಇಣುಕಿ ನೋಡಿ ಹೋದ.

"ಇನ್ನೊಮ್ಮೆ ಇಡು. ಸರಿಯಾಗಿ ನಡೂಕ ಇಡು."

ಮತ್ತೆ ಬಿತ್ತು. ಗಂಗಾಂಬಿಕಾ ಹಂಚನ್ನು ಎತ್ತಿ, ಸೆರಗಿನಿಂದ ಧೂಳು ಒರೆಸಿದಳು. "ಖರೇ ನಿಲ್ಲಂಗಿಲ್ಲೇನು?"

"ಏನ್ ಮಾಡಿದ್ರೂ ನಿಲ್ಲಂಗಿಲ್ಲ ಅಕ್ಕಾರ. ಚಾದ ಪಾತ್ರಿ ಒಂದ ನಿಲ್ತೈತಿ, ಅಷ್ಟಕ್ಕ ಅದರ ಕತಿ ಮುಗೀತು."

"ಹಂಗಾರ ಇದನ್ನ ಕೊಡು."

ಮೈಲಾರೇಶ ಗುರುಮೂರ್ತಿಯ ಮುಖ ನೋಡಿದ. ಗುರುಮೂರ್ತಿ ಹಂಚನ್ನು ನೋಡಿದ.

"ಮತ್ತ ರೊಟ್ಟಿ?" ಎಂದ ಕೊನೆಗೆ.

"ಹಾದಿ ತುಂಬ ದಾಸೋಹ ಇರತೈತಿ, ಸಾಕು ಅಂದ್ರೂ ಬಿಡದ ನೀಡ್ತಾರ ಅಂತ ವರ್ಷಾ ವರ್ಷಾ ಬಂದು ನೀವ ಹೇಳ್ತಿದ್ರಿ. ನಾನೂ ಒಂದ್ಸಲ ಸಾಲಿನ್ಯಾಗ ಕುಂತು, ಮಂದಿ ಕೈಲೆ ನೀಡಿಸ್ಕೊಂಡು ಉಣ್ತೀನಲ್ರಿ."

ಜಗಳದ ದನಿಯಲ್ಲಿ ಹೇಳಿದ್ದರೆ ಗುರುಮೂರ್ತಿಯೂ ಜಗಳಕ್ಕೆ ನಿಲ್ಲುತ್ತಿದ್ದನೇನೋ. ಆಕೆ ಆಸೆಯಿಂದ ಹೇಳಿದಳು. ಅವನು ಹೊಟ್ಟೆ ಕುಲುಕುವಂತೆ ನಕ್ಕ.

"ಕೊಟ್ಟುಬಿಡೋ ಮಾರಾಯ. ಹಂಚು ಬೀಳಿಸಿದಾಂವ ನೀನ, ಅದೂ ಎರಡೆರಡು ಸಲ."

ಗಂಗಾಂಬಿಕಾಳಿಗೆ ಆ ನಗೆ ಕೇಳಿ ಹೊಟ್ಟೆ ತಣ್ಣಗಾಯಿತು. ಈಗ ನಿಜವಾಗಿ ಹೊರಟೆ ಅನ್ನಿಸಿತು. ಪುಟ್ಟ ಒಲೆಯನ್ನು ಚೀಲದಲ್ಲಿ ಹಾಕಿಕೊಂಡು ಮೆಟ್ಟಿಲಿಳಿಯುವಾಗ ಮೈಲಾರೇಶ ಹಿಂದಿನಿಂದ ಕೂಗಿದ.

"ಅಕ್ಕಾರ, ಹಂಚು ಮರತ್ರಿ."

"ಮರತಿಲ್ಲ ತಮ್ಮಾ, ಅಲ್ಲೇ ಇರಲಿ. ಶ್ರೀಶೈಲಕ್ಕ ಹೋಗಿಬಂದು ಒಯ್ತೀನಿ."

ತೆಲಿಗಿ ಬಸ್ಸಿನಲ್ಲಿ ಗುರುಮೂರ್ತಿ ಆ ಒಲೆಯನ್ನು ಹೊರತೆಗೆದು, ಕಾಲು ಬಿಡಿಸುತ್ತ, ಮಡಚುತ್ತ ಕೂತ. ಊರು ಹತ್ತಿರವಾಗುವಾಗ ಮೆಲ್ಲಗೆ ಕೇಳಿದ: "ಅಲ್ಲಾ, ರೊಟ್ಟಿ ಹೋಗಲಿ. ಬೆಳಿಗ್ಗೆ ಚಾ ಆದ್ರೂ ಮಾಡ್ತೀಯಲ್ಲ?"

"ಯಾರು ಮೊದ್ಲ ಏಳ್ತಾರೋ ಅವ್ರು ಮಾಡೋದು," ಎಂದಳು ಗಂಗಾಂಬಿಕಾ. "ನಾನಂತೂ ತಡಾ ಮಾಡಿ ಏಳೋದನ್ನ ಇನ್ನೂ ಕಲೀಬೇಕು," ಎಂದು ಕಿಟಕಿಗೆ ತಲೆಯಾನಿಸಿ, ನಡುಹಗಲಲ್ಲೇ ಕಣ್ಣು ಮುಚ್ಚಿಕೊಂಡಳು.