ಮೇಸ್ತ್ರಿ ಕೊಡಿಸಿದ ಮಿರ್ಚಿ

ಹಳೆ ಎಣ್ಣೆಯಲ್ಲಿ ಮಿರ್ಚಿ ಕರಿಯುವ ವಾಸನೆ ಮೂಗಿಗೆ ಬಡಿದರೆ ಈಗಲೂ ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ.

ರಾಯದುರ್ಗದಲ್ಲಿ ಅವ್ವ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದ ಶೆಡ್ಡಿನ ಮೇಸ್ತ್ರಿ ಒಂದು ಭಾನುವಾರ ಅವ್ವನನ್ನೂ ಅಕ್ಕನನ್ನೂ ನನ್ನನ್ನೂ ಮ್ಯಾಟಿನಿಗೆ ಕರೆದುಕೊಂಡು ಹೋದ. ಟಾಕೀಸಿನ ನೆಲದ ತುಂಬ ಎಲೆಅಡಿಕೆಯ ಉಗುಳು, ಬೆಂಚಿನ ಸಂದಿಯಲ್ಲಿ ತಿಗಣೆ. ಇಂಟರ್‌ವಲ್‌ನಲ್ಲಿ ಅವನು ಮಿರ್ಚಿ ತಂದ. ಕಟ್ಟಿದ ಪೇಪರು ಎಣ್ಣೆ ಕುಡಿದು ಕಪ್ಪಗಾಗಿತ್ತು. ನಾನು ಆಸೆಯಿಂದ ಕಚ್ಚಿದೆ. ಅಷ್ಟರಲ್ಲಿ ಅವನು ಅದೇ ಎಣ್ಣೆಗೈಯಿಂದ ಏಳನೇ ಕ್ಲಾಸಿನ ಅಕ್ಕನ ಕೈ ಹಿಡಿದು, ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುವವರ ಹಾಗೆ ಬೆರಳುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದ.

"ಬೆರಳು ಸಣ್ಣಗ ಅದಾವ. ಗುಂಡಿ ಹಚ್ಚೋ ಕೆಲಸಕ್ಕ ಚಲೋ ಆಗ್ತಾಳ," ಅಂದ.

"ಪರೀಕ್ಷೆ ಒಂದು ಮುಗೀಲಿ ತಡೀರಿ, ಮೇಸ್ತ್ರಿ," ಅಂದಳು ಅವ್ವ, ತಲೆ ಎತ್ತದೆ.

"ಪರೀಕ್ಷೆ ಬರದು ಏನ್ ಮಾಡ್ತಾಳವ್ವ?" ಎಂದು ನಕ್ಕು, ಪೊಟ್ಟಣವನ್ನು ಅಕ್ಕನ ಮುಂದೆ ಹಿಡಿದ. "ತಿನ್ನು, ಬಿಸಿ ಅದಾವ."

ಅಕ್ಕ ತಿನ್ನಲಿಲ್ಲ. ಸಿನಿಮಾ ಮುಗಿಯುವವರೆಗೂ ಬೆರಳುಗಳನ್ನು ಲಂಗಕ್ಕೆ ಒರೆಸುತ್ತಲೇ ಇದ್ದಳು.

ಮರುದಿನ ಅಕ್ಕ ಅವ್ವನ ಹಿಂದೆ ಶೆಡ್ಡಿಗೆ ಹೋದಳು, ಸ್ಕೂಲಿಗೆ ನಾನೊಬ್ಬಳೇ ಹೋದೆ. ಬಾಯಲ್ಲಿ ಇನ್ನೂ ಆ ಎಣ್ಣೆಯ ಕಮಟು ಇತ್ತು.