ಸೂತಕ ತಾಗದ ಮನೆಗಳು

ದೇವಸ್ಥಾನದ ಪಾಳು ತೋಪಿನಲ್ಲಿ ಬಡವರಿಗೆಂದು ಕಟ್ಟಿದ ಮನೆಗಳು ಅಗ್ಗ. ಆದರೆ ದೇವರ ನೆಲಕ್ಕೆ ಸೂತಕ ತಾಗುವಂತಿಲ್ಲ. ಹತ್ತಿರದವರ ಸಾವಿನ ಸುದ್ದಿ ಕಿವಿಗೆ ಬಿದ್ದವರನ್ನು ಬಾಗಿಲೇ ಗುರುತು ಹಿಡಿದು, ಮನೆಮಂದಿಯನ್ನೆಲ್ಲ ಹನ್ನೊಂದು ದಿನ ಹೊರಗಿಡುತ್ತದೆ.

ಬುಧವಾರ, ಅಪ್ಪನನ್ನು ಸೇರಿಸಿದ್ದ ಆಸ್ಪತ್ರೆಯಿಂದ ಅಕ್ಕನ ಫೋನು ಬಂದಾಗ, ಗಾರೆ ಕೆಲಸದ ಕೆಂಪರಾಜು ಆ ಕಡೆಯವರಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ಏನೂ ಹೇಳ್ಬೇಡ ಕಣಕ್ಕ. ಶುಕ್ರವಾರದ ಗಂಟ ಮಗಳ ಪರೀಕ್ಷೆ ಐತೆ. ಅವಳು ಬೀದೀಲಿ ಕೂತು ಓದಕ್ಕಾಯ್ತದಾ? ಮುಗೀಲಿ, ನಾನೇ ಮಾಡ್ತೀನಿ," ಎಂದು ಇಟ್ಟುಬಿಟ್ಟ.

ಶುಕ್ರವಾರ ಸಂಜೆ ಹೆಂಡತಿ, ಮಗಳು, ಹಾಸಿಗೆ, ಸ್ಟೌವಿನ ಸಮೇತ ಗೇಟಿನಾಚೆ ಬಂದು ಫೋನು ಮಾಡಿದ.

"ಈಗ ಹೇಳಕ್ಕ. ಅಪ್ಪ ಬುಧವಾರವೇ ಹೋಯ್ತಾ?"

"ಇವತ್ತು ಬೆಳಿಗ್ಗೆ ಕಣಪ್ಪ," ಎಂದಳು ಅಕ್ಕ. "ಬುಧವಾರ ನಿನ್ನ ಜೊತೆ ಮಾತಾಡ್ಬೇಕು ಅಂತ ಅಪ್ಪನೇ ಫೋನ್ ಹಿಡ್ಕಂಡಿತ್ತು."