ಮತಗಟ್ಟೆಗೆ ಹೊರಟ ಮದುಮಗಳು

ಮದುವೆಗೆ ಇನ್ನು ಹನ್ನೆರಡೇ ದಿನ ಎನ್ನುವಾಗ ಟೀಚರ್ ರೂಪಶ್ರೀಗೆ ಚುನಾವಣಾ ಡ್ಯೂಟಿಯ ಆದೇಶ ಬಂತು. ಮತದಾನವೂ ಮುಹೂರ್ತವೂ ಒಂದೇ ದಿನ. ಅವಳ ಅಪ್ಪ ತಿಪ್ಪೇಸ್ವಾಮಿ ಲಗ್ನಪತ್ರಿಕೆ ಹಿಡಿದು, ಮಗಳನ್ನೂ ಕರೆದುಕೊಂಡು ತಾಲ್ಲೂಕು ಕಚೇರಿಗೆ ಧಾವಿಸಿದರು.

ಚುನಾವಣಾ ಶಾಖೆಯ ಮುಂದೆ ಸೊಂಟಕ್ಕೆ ಬೆಲ್ಟು ಬಿಗಿದವರು, ಕುತ್ತಿಗೆಗೆ ಪಟ್ಟಿ ಹಾಕಿಕೊಂಡವರು ಸಾಲುಗಟ್ಟಿ ನಿಂತಿದ್ದರು. ನೋಡಿದವರು ಆಸ್ಪತ್ರೆ ಅಂದುಕೊಳ್ಳಬೇಕು. ಇಷ್ಟು ಜನರಲ್ಲಿ ತಮ್ಮದೊಂದೇ ನಿಜವಾದ ಕಾರಣ ಎಂದು ತಿಪ್ಪೇಸ್ವಾಮಿಗೆ ಧೈರ್ಯ ಬಂತು.

“ಸಾರ್, ಮದುವೆ ಹೆಣ್ಣನ್ನ ಮತಗಟ್ಟೇಲಿ ಕೂರಿಸಿದ್ರೆ ಗಂಡು ಯಾರಿಗೆ ತಾಳಿ ಕಟ್ಬೇಕು? ವೋಟಿಂಗ್ ಮಷಿನ್ನಿಗಾ?”

ಶಿರಸ್ತೇದಾರರು ನಕ್ಕು ಲಗ್ನಪತ್ರಿಕೆ ಓದಿದರು. “ಮದುವೆ ಅಂದ್ರೆ ಬಿಡ್ತೀವಿ ಯಜಮಾನ್ರೇ. ಮೇಡಂ ಒಂದು ಅರ್ಜಿ ಬರ್ಕೊಡ್ಲಿ, ಸಾಕು.”

“ಅವಳಿಗೆ ಬಾಯೇ ಇಲ್ಲ ಸಾರ್. ಗಂಡು ಒಪ್ಪಿಗೇನಾ ಅಂತ ಕೇಳಿದಾಗ್ಲೂ ಸುಮ್ನೆ ಕೂತಿದ್ಲು, ನಾವೇ ಹ್ಞೂಂ ಅಂದ್ವಿ. ಕೊಡಿ, ನಾನೇ ಬರೀತೀನಿ. ಅಲ್ಲ, ನಿಮ್ಮ ಕಂಪ್ಯೂಟರಿಗೆ ಇಡೀ ತಾಲ್ಲೂಕಲ್ಲಿ ನನ್ನ ಮಗಳ ಹೆಸರೇ ಸಿಕ್ತಾ?”

ರೂಪಶ್ರೀ ಕಿಟಕಿಯಾಚೆ ನೋಡತೊಡಗಿದಳು. ಶಿರಸ್ತೇದಾರರು ಕಡತ ತೆರೆದು, ಅದರಲ್ಲಿದ್ದ ಒಂದು ಹಾಳೆಯನ್ನು ತಿಪ್ಪೇಸ್ವಾಮಿಯ ಮುಂದೆ ಸರಿಸಿದರು.

“ಕಂಪ್ಯೂಟರ್ ಆರಿಸಿದ್ದು ಬೇರೆ ಟೀಚರನ್ನ. ಅವರು ಬಸುರಿ, ಅವರ ಬದಲು ನನ್ನನ್ನ ಹಾಕಿ ಅಂತ ಹೋದ ಸೋಮವಾರ ನಿಮ್ಮ ಮಗಳೇ ಬಂದು ಬರ್ಕೊಟ್ಟಿದ್ದಾರೆ.”